ದುಬಾರಿ ಹೂಕೋಸಿನ ಕಥೆ

ಸಂಘದ ಪಾಟ್‌ಲಕ್ಕಿಗೆ ಪ್ರತಿ ವರ್ಷ ನಮ್ಮ ಮನೆಯಿಂದ ಹೋಗುತ್ತಿದ್ದುದು ಗೋಬಿ ಮಂಚೂರಿ. ಕಳೆದ ಸಲ ಆ ಕೆಂಪು ಖಾದ್ಯಕ್ಕೆ ರಜೆ ಕೊಟ್ಟು, ಅದೇ ಹೂಕೋಸಿನಿಂದ ಫ್ರಾನ್ಸಿನ ಹಳೆಯ ಕಾಲದ ಬಿಳಿ ಸೂಪೊಂದನ್ನು ಮಾಡಿಕೊಂಡು ಹೋದೆವು. ಅದರ ಹೆಸರು 'ಕ್ರೆಮ್ ದುಬಾರಿ'. ಕೇಳಿದವರೆಲ್ಲ, "ಏನು ಡಾಕ್ಟ್ರೇ, ಅಮೆರಿಕದಲ್ಲಿ ಹೂಕೋಸು ಅಷ್ಟೊಂದು ದುಬಾರಿಯಾಯಿತೇ?" ಎಂದು ನಕ್ಕರು. ನಗಲಿ. ಆ ಹೆಸರಿನ ಹೆಂಗಸು ನಿಜಕ್ಕೂ ದುಬಾರಿಯವಳೇ.

ಮದಾಮ್ ದು ಬಾರಿ 1743ರಲ್ಲಿ ಬಡ ಮನೆಯಲ್ಲಿ ಹುಟ್ಟಿದವಳು. 1769ರ ಹೊತ್ತಿಗೆ ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಪ್ರೇಯಸಿಯಾಗಿ ವರ್ಸೇಲ್ಸ್ ಅರಮನೆ ಸೇರಿದಳು. ಎತ್ತರಕ್ಕೆ ಕಟ್ಟಿ ಬಿಳಿ ಪುಡಿ ಹಚ್ಚಿದ ಅವಳ ಮುಡಿ ಹೂಕೋಸಿನಂತೆ ಕಾಣುತ್ತಿದ್ದುದರಿಂದ ಈ ಹೆಸರು ಬಂತೆಂದು ಹೇಳುವ ವಾಡಿಕೆ. ಅದು ಕಟ್ಟುಕಥೆಯೂ ಇರಬಹುದು. ಪ್ರಸಿದ್ಧ ಪಾಕತಜ್ಞ ಎಸ್ಕೊಫಿಯೆಯ 1903ರ ಗ್ರಂಥದಲ್ಲಂತೂ ಹೂಕೋಸಿನ ಸೂಪಿಗೆ ಅವಳ ಹೆಸರೇ ಇದೆ.

ದೊರೆ 1774ರ ಮೇ 10ರಂದು ಸಿಡುಬಿನಿಂದ ಸತ್ತ. ಜೆನ್ನರನ ಲಸಿಕೆ ಬಂದದ್ದು 1796ರಲ್ಲಿ. ಇಪ್ಪತ್ತೆರಡೇ ವರ್ಷದ ಅಂತರ! ವೈದ್ಯರಾದ ನಮಗೆ ಇಂಥ ಲೆಕ್ಕ ಹಾಕುವ ಚಟ, ಕ್ಷಮಿಸಬೇಕು.

ಈಗ ಅಡಿಗೆಗೆ ಬರೋಣ. ಮಧ್ಯಮ ಗಾತ್ರದ ಒಂದು ಹೂಕೋಸು, ಎರಡು ಲೀಕ್ ಗೆಡ್ಡೆಯ ಬಿಳಿ ಭಾಗ (ಸಿಗದಿದ್ದರೆ ಈರುಳ್ಳಿ), ಒಂದು ಆಲೂಗೆಡ್ಡೆ, ಎರಡು ಚಮಚ ಬೆಣ್ಣೆ, ಮೂರು ಲೋಟ ನೀರು, ಒಂದು ಲೋಟ ಹಾಲು. ಲೀಕನ್ನು ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಬೇಕು. ಕೆಂಪಗಾಗಲು ಬಿಡಬಾರದು, ಈ ಸೂಪಿನ ಮರ್ಯಾದೆಯೆಲ್ಲ ಅದರ ಬಿಳುಪಿನಲ್ಲಿದೆ. ಹೂಕೋಸು, ಆಲೂ, ನೀರು ಹಾಕಿ ಮೆತ್ತಗಾಗುವ ತನಕ ಮಾತ್ರ ಬೇಯಿಸಿ. ಹೆಚ್ಚು ಹೊತ್ತು ಕುದಿಸಿದರೆ ಹೂಕೋಸಿನಲ್ಲಿರುವ ಗಂಧಕದ ಅಂಶದಿಂದ ಮನೆಯೆಲ್ಲ ವಾಸನೆ. ಆರಿದ ಮೇಲೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಹಾಲು ಬೆರೆಸಿ, ಒಂದು ಕುದಿ ಬರುವ ಮುನ್ನ ಇಳಿಸಿ. ಉಪ್ಪು, ಬಿಳಿ ಮೆಣಸಿನ ಪುಡಿ ಸಾಕು. ಬೇರೆಯಾಗಿ ಬೇಯಿಸಿಟ್ಟ ನಾಲ್ಕಾರು ಪುಟ್ಟ ಹೂಗಳನ್ನು ಮೇಲೆ ತೇಲಿಬಿಟ್ಟರೆ ಸೂಪು ಸಿದ್ಧ. ಹಳೆಯ ಕ್ರಮದಲ್ಲಿ ಕೆನೆಯನ್ನೂ ಮೊಟ್ಟೆಯ ಹಳದಿಯನ್ನೂ ಸೇರಿಸುತ್ತಿದ್ದರು. ನಮ್ಮ ವಯಸ್ಸಿನವರ ಕೊಲೆಸ್ಟರಾಲ್ ನೆನೆದು ನಾವು ಅವೆರಡನ್ನೂ ಬಿಟ್ಟೆವು. ಊರಿನಿಂದ ಬಂದಿದ್ದ ಅತ್ತೆಯವರು ಒಂದು ಚಮಚ ಕುಡಿದು, "ಚೆನ್ನಾಗಿದೆ, ಜ್ವರ ಬಂದವರಿಗೆ" ಎಂದರು. ಅವರ ಬಟ್ಟಲಿಗೆ ಮಾತ್ರ ಜೀರಿಗೆ ಒಗ್ಗರಣೆ ಬಿತ್ತು.

ಈ ಕಥೆಯಲ್ಲಿ ನಮ್ಮನ್ನು ಕಾಡಿದವನು ಬೇರೊಬ್ಬ. ದು ಬಾರಿಯ ಮನೆಯಲ್ಲಿ ಜಮೋರ್ ಎಂಬ ಹುಡುಗನೊಬ್ಬ ಊಳಿಗಕ್ಕಿದ್ದ. 1762ರ ಸುಮಾರಿಗೆ ಬಂಗಾಳದ ಚಿತ್ತಗಾಂಗಿನಲ್ಲಿ ಹುಟ್ಟಿದವನು. ಗುಲಾಮರ ವ್ಯಾಪಾರಿಗಳು ಅವನನ್ನು ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿಸಿ ಫ್ರಾನ್ಸಿಗೆ ಸಾಗಿಸಿದರು. ಅಲ್ಲಿ ಅವನನ್ನು ಆಫ್ರಿಕದವನೆಂದೇ ತಿಳಿದರು. ಜರತಾರಿ ಉಡುಪು ತೊಡಿಸಿ, ಕ್ರೈಸ್ತನನ್ನಾಗಿಸಿ, ಹೊಸ ಹೆಸರಿಟ್ಟು, ಆಟದ ಬೊಂಬೆಯಂತೆ ಸಾಕಿದರು. ಹುಡುಗ ಓದು ಕಲಿತ, ದೊಡ್ಡವನಾದ ಮೇಲೆ ರೂಸೋವನ್ನು ಓದಿದ, ಕ್ರಾಂತಿ ಬಂದಾಗ ಕ್ರಾಂತಿಕಾರಿಗಳ ಜೊತೆ ಸೇರಿದ. ದು ಬಾರಿ 1791ರಲ್ಲಿ ಕಳುವಾದ ತನ್ನ ಒಡವೆಗಳನ್ನು ಹುಡುಕಿಕೊಂಡು ಮತ್ತೆ ಮತ್ತೆ ಲಂಡನ್ನಿಗೆ ಹೋಗಿಬಂದಿದ್ದಳು. ದೇಶ ಬಿಟ್ಟೋಡಿದ ಶ್ರೀಮಂತರಿಗೆ ನೆರವಾಗುತ್ತಿದ್ದಾಳೆಂಬ ಆರೋಪ ಬಂದಾಗ ಅವಳ ವಿರುದ್ಧ ಸಾಕ್ಷಿ ನುಡಿದವರಲ್ಲಿ ಜಮೋರನೂ ಒಬ್ಬ. ಆ ನ್ಯಾಯಾಲಯದಲ್ಲಿ ಅವನು ತನ್ನ ಹುಟ್ಟೂರು ಯಾವುದೆಂದು ಬಾಯಿಬಿಟ್ಟು ಹೇಳಿದ. 1793ರ ಡಿಸೆಂಬರ್ 8ರಂದು ದು ಬಾರಿಯ ತಲೆ ಗಿಲೊಟಿನ್ನಿಗೆ ಬಿತ್ತು. ಅವನೂ ಕೆಲಕಾಲ ಸೆರೆಯಲ್ಲಿದ್ದು, 1820ರಲ್ಲಿ ಪ್ಯಾರಿಸ್ಸಿನಲ್ಲಿ ಬಡವನಾಗಿ ತೀರಿಕೊಂಡ.

ಇವನನ್ನು ಕೃತಘ್ನನೆಂದು ಬರೆದವರೇ ಹೆಚ್ಚು. ಅನ್ನ ಹಾಕಿದವಳ ಕೊರಳಿಗೆ ಕತ್ತಿ ತಂದ ಸಾಕ್ಷಿಯನ್ನು ನಾವೂ ಮೆಚ್ಚಲಾರೆವು. ಆದರೆ ಮಗುವನ್ನು ತಾಯಿಯಿಂದ ಕಿತ್ತು ತಂದವರ ಲೆಕ್ಕವನ್ನು ಯಾವ ನ್ಯಾಯಾಲಯವೂ ಕೇಳಲಿಲ್ಲ. ನಾವು ವೀಸಾ ಹಿಡಿದು, ರೆಸಿಡೆನ್ಸಿಯ ಆಸೆಯಿಂದ ಸ್ವಂತ ಇಚ್ಛೆಯಿಂದ ಬಂದವರು. ಅವನ ಪಾಡಿಗೂ ನಮ್ಮದಕ್ಕೂ ಹೋಲಿಕೆ ಸಲ್ಲದು. ಆದರೂ ಆಸ್ಪತ್ರೆಯಲ್ಲಿ ನಮ್ಮ ಹೆಸರನ್ನು ಅರ್ಧಕ್ಕೆ ಕತ್ತರಿಸಿ ಕರೆದಾಗ ಮೊದಮೊದಲು ತಿದ್ದುತ್ತಿದ್ದ ನಾವು ಈಗ ಸುಮ್ಮನಾಗಿದ್ದೇವೆ. ಈ ಕಥೆ ಕೇಳಿದ ಮಗಳು, "ಅವನ ನಿಜವಾದ ಹೆಸರೇನಮ್ಮ?" ಎಂದಳು. ಉತ್ತರ ನಮ್ಮಲ್ಲಿರಲಿಲ್ಲ.

ಪಾಟ್‌ಲಕ್ಕಿನ ದಿನ ಪಾತ್ರೆಯ ಮುಂದಿಡುವ ಚೀಟಿ ಬರೆದದ್ದು ಅವಳೇ. 'ದು ಬಾರಿ ಸೂಪ್' ಎಂದು ಬರೆದು, ಕೆಳಗೆ ತನ್ನ ಸೊಟ್ಟ ಕನ್ನಡದಲ್ಲಿ 'ಜಮೋರ್, ಚಿತ್ತಗಾಂಗ್' ಎಂದು ಸೇರಿಸಿದ್ದಳು. ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಅದನ್ನೋದಿ, "ಓಹೋ, ಬಂಗಾಳಿ ಅಡಿಗೆಯೋ! ಮೀನು ಗೀನು ಹಾಕಿಲ್ಲ ತಾನೆ?" ಎಂದು ಕೇಳಿದರು. ಇಲ್ಲವೆಂದು ಮಗಳು ಭರವಸೆ ಕೊಟ್ಟು, ಬಡಿಸುತ್ತಲೇ ಕಥೆಯನ್ನು ಮೊದಲಿನಿಂದ ಶುರುಮಾಡಿದಳು. ಸಾಲು ಬಹಳ ಹೊತ್ತು ಮುಂದೆ ಸಾಗಲಿಲ್ಲ.