ಅಗರಕ್ಕೂ ಬೆಳ್ಳಂದೂರಿಗೂ ನಡುವೆ

ಮಡಿವಾಳದ ಕೆರೆ ತುಂಬಿದರೆ ನೀರು ಅಗರಕ್ಕೆ, ಅಗರ ತುಂಬಿದರೆ ಬೆಳ್ಳಂದೂರಿಗೆ, ಬೆಳ್ಳಂದೂರು ಕೋಡಿ ಬಿದ್ದರೆ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಬೆಂಗಳೂರಿನ ಆಗ್ನೇಯ ಭಾಗದ ಈ ಊರುಗಳನ್ನು ಒಂದಕ್ಕೊಂದು ಬೆಸೆದದ್ದು ರಸ್ತೆಯಲ್ಲ, ರಾಜಕಾಲುವೆ. ಔಟರ್ ರಿಂಗ್ ರೋಡ್ ಬಂದದ್ದು ನಿನ್ನೆ ಮೊನ್ನೆ. ಅಗರದ ಕೆರೆಗಳ ಮಾತು ಗಂಗರ ಕಾಲದ ಶಾಸನದಲ್ಲೇ ಇದೆ. 9ನೇ ಶತಮಾನದ ಆ ಶಾಸನದ ಪ್ರಕಾರ ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯೊಂದನ್ನು ಕಟ್ಟಿಸಿ, ಆ ಕೆರೆಗಳ ಬಿತ್ತುವಟ್ಟ ಪಡೆದ. ಕೆರೆ ಕಟ್ಟಿಸಿ ಕಾಪಾಡುವವನಿಗೆ ಅದರ ನೀರಿನಲ್ಲಿ ಬೆಳೆಯುವ ಭೂಮಿಯಲ್ಲೊಂದು ಪಾಲು ಸಲ್ಲುವ ಏರ್ಪಾಡು ಅದು. ನೀರಿನ ಹಕ್ಕನ್ನೂ ನೀರಿನ ಹೊಣೆಯನ್ನೂ ಒಂದೇ ಕೈಗೆ ಕೊಟ್ಟಿದ್ದರು ಎಂಬುದನ್ನು ಈ ಊರಿನ ಕಥೆ ಹೇಳುವಾಗ ಮರೆಯಬಾರದು.

ಬೆಳ್ಳಂದೂರು ಕೆರೆಯ ವಿಸ್ತೀರ್ಣ ಸುಮಾರು 900 ಎಕರೆ. ಬೆಂಗಳೂರಿನ ಕೆರೆಗಳಲ್ಲೆಲ್ಲ ದೊಡ್ಡದು. ಕಂದಾಯ ದಾಖಲೆಯಲ್ಲಿ ಇದರ ಸುತ್ತಿನ ನೆಲಕ್ಕೆ ಅಮಾನಿ ಬೆಳ್ಳಂದೂರು ಖಾನೆ ಎಂದೇ ಹೆಸರು. ಇಬ್ಬಲೂರು, ಯಮಲೂರು, ಕೆಂಪಾಪುರ, ಚಲ್ಲಘಟ್ಟ, ಹೀಗೆ ಅಂಚಿನ ಹಳ್ಳಿಗಳು ಈ ನೀರಿನಲ್ಲಿ ಭತ್ತ ಬೆಳೆದವು, ಮೀನು ಹಿಡಿದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಎಚ್‌ಎಎಲ್‌ಗೆ ದುರಸ್ತಿಗೆಂದು ಬಂದ ಕ್ಯಾಟಲಿನಾ ವಿಮಾನಗಳು ಈ ಕೆರೆಯ ನೀರಿನ ಮೇಲೆಯೇ ಇಳಿಯುತ್ತಿದ್ದವು. ಕೆರೆ ಎಷ್ಟು ಅಗಲವಾಗಿತ್ತು, ಎಷ್ಟು ತಿಳಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಮೇಲೆ ನಗರದ ಹೊಲಸು ಬಂತು. ಜಯನಗರದ ಕಡೆಯಿಂದ, ಹಲಸೂರಿನ ಕಡೆಯಿಂದ, ಕೆ.ಆರ್. ಮಾರುಕಟ್ಟೆಯ ಕಡೆಯಿಂದ ಇಳಿಯುವ ಕಾಲುವೆಗಳೆಲ್ಲ ಕೋರಮಂಗಲ–ಚಲ್ಲಘಟ್ಟ ಕಣಿವೆ ಹಿಡಿದು ಇಲ್ಲಿಗೇ ಬರುತ್ತವೆ. ಮಳೆನೀರು ತರುತ್ತಿದ್ದ ದಾರಿಯಲ್ಲಿ ಬಚ್ಚಲುನೀರು, ಪಾಯಿಖಾನೆ ನೀರು ಬರತೊಡಗಿತು. ಕಣಿವೆಯ ತುದಿಯಲ್ಲಿ ಜಲಮಂಡಳಿ ಶುದ್ಧೀಕರಣ ಘಟಕ ಕಟ್ಟಿತು. ಆದರೆ ಊರು ಬೆಳೆದ ವೇಗಕ್ಕೆ ಘಟಕ ಸಾಟಿಯಾಗಲಿಲ್ಲ. ಭತ್ತದ ಗದ್ದೆಗಳು ಸೊಪ್ಪಿನ ಮಡಿಗಳಾದವು, ಮಡಿಗಳು ಸೈಟುಗಳಾದವು. ಬೆಳ್ಳಂದೂರು ಗ್ರಾಮ ಪಂಚಾಯಿತಿ ರಾಜ್ಯದಲ್ಲೇ ಮೊದಮೊದಲು ಕಂಪ್ಯೂಟರ್ ಇಟ್ಟು ಲೆಕ್ಕಪತ್ರ ನಡೆಸಿದ ಪಂಚಾಯಿತಿಗಳಲ್ಲೊಂದು ಎಂದು ಹೆಸರು ಮಾಡಿತ್ತು. 2007ರಲ್ಲಿ 110 ಹಳ್ಳಿಗಳು ಬಿಬಿಎಂಪಿಗೆ ಸೇರಿದಾಗ ಆ ಪಂಚಾಯಿತಿಯೂ ಹೋಯಿತು. ತೆರಿಗೆ ನಗರದ್ದಾಯಿತು. ಕಾವೇರಿ ನೀರು ಮತ್ತು ಒಳಚರಂಡಿ ಮಾತ್ರ ವರ್ಷಾನುಗಟ್ಟಲೆ ತಡವಾದವು. ಈ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ.

ಇಂಥ ಹೊತ್ತಿನಲ್ಲಿ ಅಗರದ ಕೆರೆಗೂ ಬೆಳ್ಳಂದೂರು ಕೆರೆಗೂ ನಡುವಿನ ತಗ್ಗು ನೆಲದಲ್ಲಿ, 63 ಎಕರೆಗೂ ಮಿಕ್ಕಿದ ಜಾಗದಲ್ಲಿ, ದೊಡ್ಡದೊಂದು ಯೋಜನೆ ತಲೆ ಎತ್ತಿತು. ಐಟಿ ಕಚೇರಿ, ಅಪಾರ್ಟ್‌ಮೆಂಟ್, ಹೋಟೆಲ್, ಮಾಲ್ ಎಲ್ಲವೂ ಅದರಲ್ಲಿದ್ದವು. ಜಾಗ ಕೊಟ್ಟದ್ದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಕಟ್ಟಲು ಹೊರಟದ್ದು ಮಂತ್ರಿ ಟೆಕ್‌ಜೋನ್. ಪಕ್ಕದಲ್ಲೇ ಕೋರ್ ಮೈಂಡ್ ಎಂಬ ಇನ್ನೊಂದು ಸಂಸ್ಥೆಯ ಕಟ್ಟಡ. ಮೇಲಿನ ಕೆರೆಯ ನೀರು ಕೆಳಗಿನ ಕೆರೆಗೆ ಇಳಿಯುವ ಕಣಿವೆಯೇ ಅದು. ಅಲ್ಲಿ ಮಣ್ಣು ಏರಿಸಿದರೆ ಮಳೆನೀರು ಎಲ್ಲಿಗೆ ಹೋಗಬೇಕು? ಅಷ್ಟು ಜನ ಬಳಸಿ ಬಿಟ್ಟ ನೀರು ಯಾವ ಕೆರೆ ಸೇರಬೇಕು?

ಈ ಪ್ರಶ್ನೆ ಎತ್ತಿದವರು ಎಚ್‌ಎಸ್‌ಆರ್ ಬಡಾವಣೆ, ಕೋರಮಂಗಲ, ಬೆಳ್ಳಂದೂರು ಕಡೆಯ ನಿವಾಸಿಗಳು. ಬಹುಪಾಲು ಬೇರೆ ಊರುಗಳಿಂದ ಬಂದು ನೆಲೆಸಿದವರು. ಕೆರೆಯ ಮೀನನ್ನಾಗಲಿ ಗದ್ದೆಯನ್ನಾಗಲಿ ಕಂಡವರಲ್ಲ. ಆದರೂ ಗ್ರಾಮ ನಕಾಶೆ ಹಿಡಿದು ಸರ್ವೆ ನಂಬರ್ ಹುಡುಕಿದರು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು, ಖರಾಬು ಎಷ್ಟು, ಕಾಲುವೆ ಎಲ್ಲಿ ಎಂದು ಗುರುತಿಸಿದರು. ಬೀದಿಯಲ್ಲಿ ಕೂಗಿದ್ದಕ್ಕಿಂತ ಈ ಕಾಗದದ ಕೆಲಸವೇ ಹೋರಾಟದ ಬೆನ್ನೆಲುಬು ಎಂದು ನಾನು ನಂಬಿದ್ದೇನೆ. ಬ್ರಿಟಿಷರ ಕಾಲದಿಂದ ಶಾನುಭೋಗರು, ಮೋಜಣಿದಾರರು ಗೆರೆ ಎಳೆದು ಇಟ್ಟಿದ್ದ ನಕಾಶೆ ಕೊನೆಗೂ ಕೆರೆಯ ಪರ ಮಾತಾಡಿತು. ಫಾರ್ವರ್ಡ್ ಫೌಂಡೇಶನ್, ಪ್ರಜಾ ರಾಗ್, ಬೆಂಗಳೂರು ಎನ್ವಿರಾನ್ಮೆಂಟ್ ಟ್ರಸ್ಟ್ ಸೇರಿ 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದವು.

2015ರ ಮೇ ತಿಂಗಳಲ್ಲಿ ನ್ಯಾಯಮಂಡಳಿ ದಂಡ ಹಾಕಿತು. ಮಂತ್ರಿ ಟೆಕ್‌ಜೋನ್‌ಗೆ 117.35 ಕೋಟಿ ರೂಪಾಯಿ, ಕೋರ್ ಮೈಂಡ್‌ಗೆ 22.5 ಕೋಟಿ. ಎರಡನೆಯದನ್ನು ಮರುವರ್ಷ 13.5 ಕೋಟಿಗೆ ಇಳಿಸಿತು. 2016ರ ಮೇ 4ರ ಆದೇಶ ಇನ್ನೂ ಮುಂದೆ ಹೋಯಿತು. ಒತ್ತುವರಿಯಾಗಿದ್ದ 3 ಎಕರೆ 10 ಗುಂಟೆಯನ್ನು ಕೆರೆಗೆ ಮರಳಿಸಬೇಕೆಂದಿತು. ಇಡೀ ಬೆಂಗಳೂರಿಗೆ ಅನ್ವಯಿಸುವಂತೆ, ಕೆರೆಯ ಸುತ್ತ 75 ಮೀಟರ್, ದೊಡ್ಡ ರಾಜಕಾಲುವೆಗೆ 50, ಅದಕ್ಕಿಂತ ಸಣ್ಣದಕ್ಕೆ 35, ಕಿರುಕಾಲುವೆಗೆ 25 ಮೀಟರ್ ಜಾಗವನ್ನು ಖಾಲಿ ಬಿಡಬೇಕೆಂದಿತು. ಮಾಸ್ಟರ್ ಪ್ಲಾನ್ ಕೆರೆಗೆ ಬಿಟ್ಟಿದ್ದು 30 ಮೀಟರ್ ಮಾತ್ರ. ಕಾಲುವೆಗಳ ಅಳತೆಯನ್ನು ಅದು ನಡುಗೆರೆಯಿಂದ ಹಿಡಿದರೆ ಮಂಡಳಿ ಅಂಚಿನಿಂದ ಹಿಡಿಯಿತು. ಅಂಚಿನಿಂದ ಅಳೆದರೆ ಕಾಲುವೆ ಎಷ್ಟೇ ಅಗಲವಾದರೂ ಕಾಪು ಪೂರ್ತಿ ಉಳಿಯುತ್ತದೆ. ನಡುವಿನಿಂದ ಅಳೆದರೆ ಕಾಲುವೆಯ ಅರ್ಧ ಮೈಯೇ ಆ ಲೆಕ್ಕದಲ್ಲಿ ಕರಗಿಹೋಗುತ್ತದೆ.

2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ 75 ಮೀಟರ್ ನಿಯಮವನ್ನು ತೆಗೆದುಹಾಕಿತು. ಕಾಯ್ದೆಯಡಿ ರೂಪುಗೊಂಡ ಮಾಸ್ಟರ್ ಪ್ಲಾನನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಕಾರಣ. ಊರವರಿಗೆ ನೋವಾಯಿತು, ನನಗೂ ಆಯಿತು. ಆದರೆ ತೀರ್ಪಿನ ತಿರುಳನ್ನು ಸರಿಯಾಗಿ ಓದಬೇಕು. ಕೆರೆಗೆ ಅಂಚು ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ಎಷ್ಟು ಅಂಚು ಎಂದು ತೀರ್ಮಾನಿಸಬೇಕಾದವರು ಯೋಜನೆ ಮಾಡುವವರು ಎಂದಿತು. ಆದ್ದರಿಂದ ಮಾಸ್ಟರ್ ಪ್ಲಾನ್ ಮೇಲೆ ಆಕ್ಷೇಪಣೆ ಸಲ್ಲಿಸುವ ದಿನಗಳಲ್ಲಿ ಊರವರು ತುಂಬಿ ಬರಬೇಕು. ಕಟ್ಟಡ ಎದ್ದ ಮೇಲೆ ಕೋರ್ಟಿಗೆ ಓಡುವುದರ ಕಷ್ಟ ಈ ಮೊಕದ್ದಮೆ ನಡೆಸಿದವರಿಗೆ ಚೆನ್ನಾಗಿ ಗೊತ್ತು.

ಹೋರಾಟ ನಡೆಯುತ್ತಿದ್ದಾಗಲೇ ಕೆರೆ ಉರಿಯಿತು. 2015ರ ಮೇ ತಿಂಗಳಲ್ಲಿ ನೊರೆಗೆ ಬೆಂಕಿ ಹತ್ತಿತು, 2017ರ ಫೆಬ್ರವರಿಯಲ್ಲಿ ಕೆರೆ ಮತ್ತೆ ಹೊತ್ತಿಕೊಂಡಿತು, 2018ರ ಜನವರಿಯಲ್ಲಿ ಮಗದೊಮ್ಮೆ. ಕೊನೆಯ ಸಲ ಆರಿಸಲು ಸೇನೆಯ ಯೋಧರೇ ಸಾವಿರಗಟ್ಟಲೆ ಬರಬೇಕಾಯಿತು. ಯಮಲೂರು ಕೋಡಿಯಲ್ಲಿ ಬಿಳಿ ನೊರೆ ಎದ್ದು ರಸ್ತೆಗೆ ಹಾರಿ ಸ್ಕೂಟರ್ ಸವಾರರ ಮುಖಕ್ಕೆ ಬಡಿಯುತ್ತಿತ್ತು. ಬಟ್ಟೆ, ಪಾತ್ರೆ ತೊಳೆಯುವ ಸೋಪಿನ ರಾಸಾಯನಿಕ ತುಂಬಿದ ಹೊಲಸು ಎತ್ತರದಿಂದ ಧುಮುಕಿದಾಗ ಏಳುವ ನೊರೆ ಅದು. ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ಕಟ್ಟಲು ಹೇಳಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ನೇತೃತ್ವದಲ್ಲಿ ಉಸ್ತುವಾರಿ ಸಮಿತಿ ಮಾಡಿತು.

ಸೋಪಿನ ನೀರು ಬರೀ ಹಳೇ ಬೆಂಗಳೂರಿನದಲ್ಲ. ಹೋರಾಡಿದ ನಿವಾಸಿಗಳ ಅಪಾರ್ಟ್‌ಮೆಂಟ್‌ಗಳದೂ ಇದೆ. ಒಳಚರಂಡಿ ಇಲ್ಲದ ಕಡೆ ಬಿಲ್ಡರ್ ನೆಲಮಾಳಿಗೆಯಲ್ಲಿ ಎಸ್‌ಟಿಪಿ, ಅಂದರೆ ಹೊಲಸು ನೀರಿನ ಶುದ್ಧೀಕರಣ ಘಟಕ ಕಟ್ಟಿ, ಬೀಗದ ಕೈಯನ್ನು ನಿವಾಸಿಗಳ ಸಂಘಕ್ಕೆ ಕೊಟ್ಟು ಹೋಗುತ್ತಾನೆ. ಹೊಲಸಿನಲ್ಲಿರುವ ಸೂಕ್ಷ್ಮಾಣುಗಳಿಗೆ ಹಗಲೂ ರಾತ್ರಿ ಗಾಳಿ ಊದಬೇಕು. ಬ್ಲೋವರ್ ನಿಂತರೆ ಅವು ಸಾಯುತ್ತವೆ, ವಾಸನೆ ಏಳುತ್ತದೆ. ಕರೆಂಟ್ ಬಿಲ್ ನೋಡಿ ರಾತ್ರಿ ಹೊತ್ತು ಬ್ಲೋವರ್ ನಿಲ್ಲಿಸಿದರೆ ಬೆಳಿಗ್ಗೆ ಹೊರಬೀಳುವುದು ಬಂದ ನೀರೇ. ಶುದ್ಧವಾದ ನೀರನ್ನು ಫ್ಲಷ್‌ಗೂ ಗಿಡಗಳಿಗೂ ಬಳಸಿ ಉಳಿದದ್ದನ್ನು ಏನು ಮಾಡುವುದು? ಕಾಲುವೆಗೆ ಬಿಡುತ್ತಾರೆ, ಇಲ್ಲವೇ ಟ್ಯಾಂಕರಿಗೆ ಕೊಡುತ್ತಾರೆ. ಆ ಟ್ಯಾಂಕರ್ ಎಲ್ಲಿ ಖಾಲಿಯಾಯಿತೆಂದು ಕೇಳುವವರು ಕಡಿಮೆ. ಹಳೆಯ ಕಟ್ಟಡಗಳೂ ಘಟಕ ಕಟ್ಟಬೇಕೆಂಬ ಆದೇಶ ಬಂದಾಗ, ಜಾಗವೆಲ್ಲಿದೆ, ಜಲಮಂಡಳಿಗೆ ಕಟ್ಟುವ ಹಣ ಯಾತಕ್ಕೆ ಎಂದು ನಿವಾಸಿಗಳು ತಿರುಗಿಬಿದ್ದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಸರ್ಕಾರ ಮಾಡಬೇಕಾದ ಕೆಲಸವನ್ನು ಗೃಹಿಣಿಯರೂ ನಿವೃತ್ತರೂ ಇರುವ ಸಮಿತಿಯ ತಲೆಗೆ ಕಟ್ಟುವುದು ತಪ್ಪೇ. ಆದರೂ ಬೇರೆಯವರ ಕಟ್ಟಡದ ನೀರಿನ ಲೆಕ್ಕ ಕೇಳಿದವರು ತಮ್ಮ ಕಟ್ಟಡದ ಲೆಕ್ಕವನ್ನು ಗೇಟಿನ ಹೊರಗೆ ತೂಗುಹಾಕುವ ಧೈರ್ಯ ಮಾಡಬೇಕಿತ್ತು. ಕೆಲವೇ ಸಂಘಗಳು ಆ ಹಾದಿ ಹಿಡಿದಿವೆ.

ಈಗ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಪಿನಾಕಿನಿಯ ದಾರಿಯಲ್ಲಿ ಮಾತ್ರ ಇಳಿಯುವುದಿಲ್ಲ. ಕೆ.ಸಿ. ವ್ಯಾಲಿ ಯೋಜನೆಯಡಿ, ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯಿಟ್ಟು, ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರನ್ನು ಪಂಪ್ ಮಾಡಿ ಕೋಲಾರದ ಕಡೆಗೆ ಹತ್ತಿಸುತ್ತಾರೆ. 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಬರದ ನಾಡಿನ ಜನ ಹಿಗ್ಗಿದರು. ಜುಲೈನಲ್ಲಿ ಅದೇ ಕೆರೆಯಲ್ಲಿ ಬೆಳ್ಳಂದೂರಿನ ನೊರೆ ಕಂಡಿತು. ರೈತರ ಹೋರಾಟ ಸಮಿತಿ ಹೈಕೋರ್ಟಿಗೆ ಹೋಯಿತು. ನೀರು ಕೆಲಕಾಲ ನಿಂತು ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂಬುದು ಅವರ ಬೇಡಿಕೆ. ಅಗರದ ನಕಾಶೆ ಹಿಡಿದು ಗೆದ್ದ ನಿವಾಸಿ ಸಂಘಗಳು ಆ ಬೇಡಿಕೆಗೆ ತಮ್ಮ ಸಹಿಯನ್ನೂ ಹಾಕಬೇಕು. ಅಲ್ಲಿಗೆ ಹೋಗುತ್ತಿರುವುದು ಇವರ ಮನೆಗಳಿಂದ ಬಂದ ನೀರು.