ಮೂಡಲ ಬಾಗಿಲಿನ ಲಾರಿಗಳು

ನಮ್ಮ ಮುಳಬಾಗಿಲಿನ ಹೆಸರಿನ ಬಗ್ಗೆ ಎರಡು ಮಾತಿವೆ. ಊರವರು ಹೇಳುತ್ತ ಬಂದದ್ದು ಮೂಡಲ ಬಾಗಿಲು. ವಿಜಯನಗರ ಕಾಲದ ಶಾಸನಗಳಲ್ಲಿ ಸಿಗುವುದು ಮುಳುವಾಯಿ. ತಮಿಳಿನಲ್ಲಿ ವಾಯಿಲ್ ಎಂದರೂ ಬಾಗಿಲೇ. ಹೇಗೆ ವಾದಿಸಿದರೂ ಕೊನೆಗೆ ಬಾಗಿಲಿಗೇ ಬಂದು ನಿಲ್ಲುತ್ತೇವೆ. ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿಂದ ಆಳಿದ. 1768ರಲ್ಲಿ ಹೈದರಾಲಿಯೂ ಇಂಗ್ಲಿಷರೂ ನಮ್ಮೂರ ಬಂಡೆಗಳ ನಡುವೆ ಕಾದಾಡಿದರು. 1887ರಲ್ಲಿ ಡಿ.ವಿ.ಜಿ. ಇಲ್ಲಿ ಹುಟ್ಟಿದರು. ಇದೆಲ್ಲ ಪುಸ್ತಕಗಳಲ್ಲಿದೆ. ಈ ಬಾಗಿಲಲ್ಲಿ ಹಗಲೂ ರಾತ್ರಿ ಓಡಾಡುವ ಲಾರಿಗಳ ಮಾತನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.

2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆ 15,36,401. ತಾಲ್ಲೂಕುಗಳು ಆರು. ಮಾಲೂರಿಗೆ ರೈಲಿದೆ. ಬೌರಿಂಗ್‌ಪೇಟೆ ಎನ್ನುತ್ತಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲೇ ಪುಟ್ಟ ರೈಲು ಬಂತು, ಅದೇ ಹಳಿ ಮುಂದೆ ಶ್ರೀನಿವಾಸಪುರವನ್ನೂ ಮುಟ್ಟಿತು. ನಮ್ಮೂರಿಗೆ ಇಂದಿಗೂ ರೈಲಿಲ್ಲ. ಹೊಲದಲ್ಲಿ ಬೆಳೆದದ್ದು ಹೊರಗೆ ಹೋಗಬೇಕಾದರೂ ಅಂಗಡಿಗೆ ಸಾಮಾನು ಬರಬೇಕಾದರೂ ಲಾರಿಯೇ ಗತಿ.

ಆಂಜನೇಯಸ್ವಾಮಿ ಗುಡಿಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿದರೆ ಇದು ತಿಳಿಯುತ್ತದೆ. ಕುರುಕ್ಷೇತ್ರ ಮುಗಿದ ಮೇಲೆ ಅರ್ಜುನ ತನ್ನ ರಥದ ಬಾವುಟದಲ್ಲಿದ್ದ ಹನುಮಂತನನ್ನು ಇಲ್ಲಿ ಪ್ರತಿಷ್ಠೆ ಮಾಡಿದ ಎಂಬುದು ಸ್ಥಳಪುರಾಣ. ಹೊಸ ಗಾಡಿ ತಂದವರು ಮೊದಲು ಇಲ್ಲಿಗೇ ಬರುತ್ತಾರೆ. ಬಂಪರಿಗೆ ಅರಿಶಿನ ಕುಂಕುಮ, ಸ್ಟೇರಿಂಗಿಗೆ ಹೂವಿನ ಹಾರ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಡ್ರೈವರ್ ಮೆಲ್ಲಗೆ ಗಾಡಿ ಮುಂದೆ ಬಿಡುತ್ತಾನೆ. ಹಣ್ಣು ಚಪ್ಪಟೆಯಾದ ಸದ್ದು ಕೇಳಿದ ಮೇಲೇ ಮನೆಯವರ ಮುಖ ಅರಳುವುದು. ರಥದ ಮೇಲೆ ಕೂತು ಬಂದ ದೇವರಿಗೆ ದಾರಿಯ ಕಷ್ಟ ಗೊತ್ತಿರುತ್ತದೆ ಎಂದು ನಮ್ಮ ಡ್ರೈವರುಗಳು ನಂಬಿದ್ದಾರೆ. ನಾನೂ ನಂಬಿದ್ದೇನೆ.

ಕಷ್ಟ ಶುರುವಾಗುವುದು ಟೊಮ್ಯಾಟೊದಿಂದ. ಕೋಲಾರದ ಎಪಿಎಂಸಿ, ನಮ್ಮ ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆ, ಎರಡರಲ್ಲೂ ಲೆಕ್ಕ 15 ಕಿಲೋ ಬಾಕ್ಸಿನದು. ಹರಾಜು ಮುಗಿದರೆ ಹಮಾಲಿಗಳು ಬಾಕ್ಸಿನ ಮೇಲೆ ಬಾಕ್ಸು ಜೋಡಿಸಿ, ಟಾರ್ಪಾಲು ಎಳೆದು ಹಗ್ಗ ಬಿಗಿಯುತ್ತಾರೆ. ದೆಹಲಿ, ರಾಜಸ್ಥಾನ, ಗುಜರಾತಿನವರೆಗೂ ಲೋಡು ಹೋಗುತ್ತದೆ. ಹಣ್ಣು ಕಾಯುವುದಿಲ್ಲ, ಆದ್ದರಿಂದ ಡ್ರೈವರ್ ಮಲಗುವುದಿಲ್ಲ. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿದಾಗ ಅವನು ಲಕ್ಷಾಂತರ ರೂಪಾಯಿಯ ಸರಕನ್ನು ಒಬ್ಬನೇ ಕಾಯಬೇಕಾಯಿತು. ಬೆಲೆ ಬಿದ್ದಾಗ ಬಾಡಿಗೆಯೂ ಹುಟ್ಟದೆ ರೈತ ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಾನೆ, ಲಾರಿ ಖಾಲಿ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಶ್ರೀನಿವಾಸಪುರದ ಮಾವಿನ ಪಾಡು ಇನ್ನೊಂದು. ಅಲ್ಲಿನ ತೋತಾಪುರಿಗೆ ಆಂಧ್ರದ ಚಿತ್ತೂರಿನ ತಿರುಳು ಕಾರ್ಖಾನೆಗಳೇ ಆಸರೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ತಡೆಯಿತು. ಗಡಿಯಾಚೆ ಹೋಗಬೇಕಿದ್ದ ಹಣ್ಣಿಗೆ ದಾರಿ ಕಟ್ಟಿತು. ಅದೇ ವರ್ಷ ಏಪ್ರಿಲ್‌ನಲ್ಲಿ ರಾಜ್ಯದ ಲಾರಿ ಮಾಲೀಕರು ಡೀಸೆಲ್ ದರ ಇಳಿಸಿ, ಗಡಿ ಚೆಕ್‌ಪೋಸ್ಟ್ ತೆಗೆಯಿರಿ ಎಂದು ಮುಷ್ಕರ ಹೂಡಿದ್ದರು. ಆಗ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 21.17ಕ್ಕೆ ಏರಿತ್ತು. ನಂಗಲಿಯ ಬಳಿ ಆಂಧ್ರದ ಗಡಿಯನ್ನು ದಿನವೂ ದಾಟುವ ನಮ್ಮವರಿಗೆ ಆ ಬೇಡಿಕೆಗಳು ಹೊಟ್ಟೆಪಾಡಿನ ಮಾತು.

ಈಗ ಹೊಸದೊಂದು ಚಿಂತೆ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಮೂಲಕ ಚೆನ್ನೈಗೆ ಎಕ್ಸ್‌ಪ್ರೆಸ್‌ವೇ ಬರುತ್ತಿದೆ. ಕರ್ನಾಟಕದ 71 ಕಿಲೋಮೀಟರಿನಲ್ಲಿ 2024ರ ಡಿಸೆಂಬರಿನಿಂದಲೇ ವಾಹನಗಳು ಓಡುತ್ತಿವೆ. ಆ ದಾರಿ ನಮ್ಮೂರನ್ನು ಮುಟ್ಟುವುದಿಲ್ಲ. ಅದು ಪೂರ್ತಿಯಾದ ದಿನ ದೂರದ ಲಾರಿಗಳು ಅತ್ತ ತಿರುಗಿದರೆ ನಮ್ಮೂರ ಮೇಲೆ ಹಾದುಹೋಗುವ ಹಳೇ ಹೆದ್ದಾರಿಯ ಟೀ ಅಂಗಡಿ, ಪಂಕ್ಚರ್ ಅಂಗಡಿ, ಮೆಕ್ಯಾನಿಕ್ ಶೆಡ್ಡುಗಳ ಗತಿಯೇನು?

ನಮ್ಮ ಬೀದಿಯ ಹಿರಿಯ ಡ್ರೈವರಣ್ಣ ಒಬ್ಬರು ತೀರಿಕೊಂಡಾಗ ಮನೆಯವರು ಹಳೇ ಕಾಗದಗಳನ್ನು ಗುಜರಿಗೆ ಹಾಕಲು ಕಟ್ಟಿಟ್ಟಿದ್ದರು. ಅದರಲ್ಲೊಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಎಡಗಡೆ ಊರು, ಬಲಗಡೆ ಡೀಸೆಲ್, ಟೋಲ್, ಬತ್ತಾ. ಪ್ರತಿ ಪುಟದ ತಲೆಯಲ್ಲೂ ಪೆನ್ಸಿಲಿನಲ್ಲಿ ‘ಶ್ರೀ ಆಂಜನೇಯಸ್ವಾಮಿ ಪ್ರಸನ್ನ’. ಕೇಳಿ ಇಸಕೊಂಡು ಬಂದಿದ್ದೇನೆ. ಮುಳುವಾಯಿಯ ಶಾಸನಗಳನ್ನು ಎಷ್ಟು ಜೋಪಾನವಾಗಿ ಓದಿದ್ದೆನೋ ಅಷ್ಟೇ ಜೋಪಾನವಾಗಿ ಇದನ್ನೂ ಓದುತ್ತಿದ್ದೇನೆ.