ಕ್ಯಾಸನೂರು ಕಾಡಿನ ಜ್ವರವೂ ದೇಶಾಂತರದ ವಿದ್ಯಾವಿನಿಮಯವೂ

1957ನೆಯ ಇಸವಿಯ ವಸಂತದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸತ್ತುಬೀಳತೊಡಗಿದುವು. ಸುತ್ತಣ ಹಳ್ಳಿಗಳಲ್ಲಿ ತೀವ್ರವಾದ ಜ್ವರವೊಂದು ಕಾಣಿಸಿಕೊಂಡಿತು. ಜನರು ಇದನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಈ ರೋಗದ ಶೋಧನೆಯ ಚರಿತ್ರೆಯು ವೈದ್ಯಶಾಸ್ತ್ರದ ಒಂದು ಪ್ರಕರಣವಷ್ಟೇ ಅಲ್ಲ. ದೇಶದೇಶಗಳ ಸಂಶೋಧಕರು ಒಂದೆಡೆ ಕೂಡಿ ದುಡಿಯುವುದರಿಂದ ವಿದ್ಯೆಗೆ ಒದಗುವ ಲಾಭವೇನು, ತೊಡಕೇನು ಎಂಬುದಕ್ಕೆ ಕನ್ನಡನಾಡಿನೊಳಗೇ ದೊರೆಯುವ ನಿದರ್ಶನವೂ ಅದಾಗಿದೆ. ಪ್ರಕೃತ ಲೇಖನದಲ್ಲಿ ಆ ದೃಷ್ಟಿಯಿಂದ ಅದನ್ನು ಪರಿಶೀಲಿಸಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದುವು. ಟ್ರಿನಿಡಾಡ್ ದ್ವೀಪದಲ್ಲಿಯೂ ಬ್ರೆಜಿಲ್ಲಿನ ಬೆಲೆಂ ನಗರದಲ್ಲಿಯೂ ಇಂಥವೇ ಪ್ರಯೋಗಶಾಲೆಗಳು ಆ ಪ್ರತಿಷ್ಠಾನದ ನೆರವಿನಿಂದ ಏರ್ಪಟ್ಟುವು. ಹೀಗಾಗಿ ಒಂದು ನಾಡಿನ ಅನುಭವವು ಮತ್ತೊಂದು ನಾಡಿಗೆ ಸಾಗುವ ದಾರಿಯು ತೆರೆದಿತ್ತು. ಕ್ಯಾಸನೂರಿಗೆ ಬಂದ ಟೆಲ್ಫರ್ಡ್ ವರ್ಕ್ ಅವರು ಈಜಿಪ್ಟಿನ ನೈಲ್ ನದಿಯ ಬಯಲಿನಲ್ಲಿ ವೆಸ್ಟ್ ನೈಲ್ ವೈರಸ್ಸನ್ನು ಅಭ್ಯಸಿಸಿದ್ದವರು. ಹೆರಾಲ್ಡ್ ಟ್ರಪಿಡೊ ಅವರು ಪನಾಮದ ಕಾಡುಗಳಲ್ಲಿ ದುಡಿದವರು. ಇವರೊಡನೆ ಕೂಡಿದ ನಮ್ಮವರೂ ಬರಿಗೈಯವರಾಗಿರಲಿಲ್ಲ. ಕೀಟಶಾಸ್ತ್ರಜ್ಞ ಟಿ. ರಾಮಚಂದ್ರರಾಯರು ಡಿ. ಕೆ. ವಿಶ್ವನಾಥನ್ನರೊಡನೆ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಿ.ಡಿ.ಟಿ.ಯಿಂದ ಮಲೇರಿಯಾ ನಿಗ್ರಹಿಸಿದ ವಿವರವು 1947ರಲ್ಲಿಯೇ ಪ್ರಕಟವಾಗಿತ್ತು. ರೋಣ ಸೀಮೆಯ ಮೆಣಸಗಿ ಮೊದಲಾದ ಗ್ರಾಮಗಳು ಆಗ ಆ ಧಾರವಾಡ ಜಿಲ್ಲೆಗೇ ಸೇರಿದ್ದುವು.

ಮಂಗಗಳ ಸಾವನ್ನು ಕಂಡೊಡನೆ ಸಂಶೋಧಕರಿಗೆ ದಕ್ಷಿಣ ಅಮೆರಿಕದ ಹಳದಿ ಜ್ವರದ ನೆನಪಾದುದು ಸಹಜವೇ. ಆ ಜ್ವರವು ಭಾರತಕ್ಕೆ ಎಂದೂ ಬಂದುದಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಹೇರಳವಾಗಿರುವುದರಿಂದ ಶಂಕೆಯು ಭೀತಿಗೂ ಎಡೆಗೊಟ್ಟಿತು. ಪರೀಕ್ಷೆಯಿಂದ ತಿಳಿದುದೇ ಬೇರೆ: ವೈರಸ್ಸು ರಷ್ಯದ ವಸಂತ-ಗ್ರೀಷ್ಮ ಮಿದುಳುಜ್ವರದ ಕುಲಕ್ಕೆ ಸೇರಿದುದು; ಅದರ ವಾಹಕ ಸೊಳ್ಳೆಯಲ್ಲ, ಉಣ್ಣೆ. ಸ್ವಾಭಾವಿಕವಾಗಿ ಸೋಂಕಿದ ಉಣ್ಣೆಗಳಿಂದ ವೈರಸ್ಸನ್ನು ಬೇರ್ಪಡಿಸಿದ ಸಂಗತಿಯು 1959ರಲ್ಲಿ ಟ್ರಪಿಡೊ, ತರುಣ ಸಂಶೋಧಕ ಪಿ. ಕೆ. ರಾಜಗೋಪಾಲನ್, ವರ್ಕ್ ಮೊದಲಾದವರ ಹೆಸರಿನಲ್ಲಿ ಪ್ರಕಟವಾಯಿತು. ಪರದೇಶದ ಅನುಭವವು ಪ್ರಶ್ನೆಯನ್ನು ಒದಗಿಸಿತು. ಉತ್ತರವನ್ನು ಇಲ್ಲಿಯ ಕಾಡಿನ ನೆಲದಲ್ಲಿಯೇ ಹುಡುಕಬೇಕಾಯಿತು.

ಬಳಿಕ ಬಂದ ಕೊಲಂಬಿಯದ ಜಾರ್ಜ್ ಬೋಷೆಲ್ ಅವರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ತಮ್ಮ ನಾಡಿನಲ್ಲಿ ಮರದ ತುದಿಯ ಸೊಳ್ಳೆಗಳು, ಮರ ಕಡಿದಾಗ ಕೆಳಗಿಳಿದು ಕಡಿಯುವವರನ್ನು ಮುತ್ತುವುದನ್ನು ಅವರು ಕಂಡಿದ್ದರು. ಇಲ್ಲಿ ಅವರ ದೃಷ್ಟಿ ಬಿದ್ದುದು ದನಗಳ ಮೇಲೆ. ಕಾಡು ಕಡಿದು ಊರು ಬೆಳೆಯಲು, ಮೇಯಲು ಬಂದ ದನಗಳ ರಕ್ತದಿಂದ ಉಣ್ಣೆಗಳು ವೃದ್ಧಿಹೊಂದಿ ರೋಗವು ಪ್ರಬಲವಾಯಿತೆಂದು 1969ರಲ್ಲಿ ಅವರು ಪ್ರತಿಪಾದಿಸಿದರು.

ಆದರೆ ಇಂಥ ಸಹಯೋಗವು ನಿಷ್ಕಂಟಕವಾಗಿರಲಿಲ್ಲ. ವೈರಸ್ಸನ್ನು ವಲಸೆಹಕ್ಕಿಗಳು ಉತ್ತರದಿಂದ ತಂದಿರಬಹುದೇ ಎಂಬ ಪ್ರಶ್ನೆಯು ಹಕ್ಕಿಗಳಿಗೆ ಉಂಗುರ ತೊಡಿಸುವ ಕಾರ್ಯಕ್ಕೆ ಪ್ರೇರಣೆಯಾಯಿತು. ಅದರಲ್ಲಿ ಅಮೆರಿಕದ ಸೇನೆಯ ಹಣವೂ ಸೇರಿದ್ದುದರಿಂದ, ಸಂಸತ್ತಿನ ಲೆಕ್ಕಪತ್ರ ಸಮಿತಿಯು 1975ರ ವರದಿಯಲ್ಲಿ ವಿದೇಶೀ ಸಹಯೋಗದ ಸಂಶೋಧನೆಗಳನ್ನು ಕುರಿತು ತೀವ್ರವಾದ ಆಕ್ಷೇಪವನ್ನೆತ್ತಿತು. ಸಂಶಯವು ನಿರಾಧಾರವೆಂದು ತಳ್ಳಿಬಿಡುವುದು ಸುಲಭ. ಜ್ಞಾನವು ಯಾರ ವೆಚ್ಚದಲ್ಲಿ, ಯಾರಿಗಾಗಿ ಎಂದು ಕೇಳುವ ಅಧಿಕಾರ ಆತಿಥೇಯ ನಾಡಿಗೆ ಇದ್ದೇ ಇದೆ.

ಪುಣೆಯ ಕೇಂದ್ರವು 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ರಾಜಗೋಪಾಲನ್ನರು ಮುಂದೆ ಪುದುಚ್ಚೇರಿಯ ವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಅತಿಥಿಗಳು ಹಿಂದಿರುಗಿದ ಮೇಲೂ ವಿದ್ಯೆಯು ಇಲ್ಲಿ ಉಳಿಯಿತೆಂಬುದಕ್ಕೆ ಇವು ಸಾಕ್ಷಿ. ಆದರೆ ರೋಗವೂ ಉಳಿದಿದೆ. 2012ರ ಬಳಿಕ ಚಾಮರಾಜನಗರ, ವಯನಾಡು, ಗೋವೆಗಳಲ್ಲಿಯೂ ಅದು ಕಾಣಿಸಿಕೊಂಡಿದೆ. ವಿದ್ಯಾವಿನಿಮಯದ ಫಲವನ್ನು ಪ್ರಕಟವಾದ ಪ್ರಬಂಧಗಳಿಂದ ಮಾತ್ರವಲ್ಲದೆ, ಕಾಡಿನಂಚಿನಲ್ಲಿ ಸೌದೆ ತರುವವರ ಮೈಗೆ ದೊರೆತ ರಕ್ಷಣೆಯಿಂದಲೂ ಅಳೆಯತಕ್ಕದ್ದು. ಆ ಲೆಕ್ಕದಲ್ಲಿ ಋಣವು ಇನ್ನೂ ತೀರಿಲ್ಲ.